ಮಗಳಿಗೆ ಉಡಿ, ಸೊಸೆಗೆ ವೋಟು

ನಮ್ಮ ಮನೆಯಲ್ಲಿ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರು ಒಂದೇ ಸೀಟಿಗೆ ಎದುರುಬದುರು ನಿಂತರು. ಒಬ್ಬಳು ನನ್ನ ಅವ್ವ. ಇನ್ನೊಬ್ಬಳು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ. ಗ್ರಾಮ ಪಂಚಾಯ್ತಿಯ ಆ ಚುನಾವಣೆಯಲ್ಲಿ ಇಡೀ ಬೀದರ ಜಿಲ್ಲೆಯಲ್ಲಿ ಎಷ್ಟು ಜಗಳ ಆದವೋ ಗೊತ್ತಿಲ್ಲ, ನಮ್ಮಲ್ಲಿ ಮಾತ್ರ ಎರಡೂ ಪಾರ್ಟಿಯವರು ದಿನಾ ಒಂದೇ ಗಂಗಾಳದಲ್ಲಿ ಹಿಟ್ಟು ನಾದುತ್ತಿದ್ದರು.

ನಮ್ಮೂರು ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ್ದು, ಆದರೆ ಹುಮನಾಬಾದಿನ ಪೇಟೆಯೇ ನಮಗೆ ಹತ್ತಿರ. ಹೀಗಾಗಿ ಕೋರ್ಟು ಕಚೇರಿಗೆ ಕಲ್ಯಾಣ, ಬಟ್ಟೆಬರೆಗೆ ಹುಮನಾಬಾದ್ ಎಂದು ಹಿರಿಯರು ಹಂಚಿಕೊಟ್ಟಿದ್ದರು. ಅಪ್ಪ ಕಲ್ಯಾಣಕ್ಕೆ ಹೋಗಿ ಬಂದರೆ ಮುಖ ಗಂಟಿಕ್ಕಿಕೊಂಡಿರುತ್ತಿದ್ದ, ಹುಮನಾಬಾದಿಗೆ ಹೋಗಿ ಬಂದರೆ ನಮಗೆ ತಿನ್ನಲು ಚೂಡಾ ಪುಡಿಕೆ ತರುತ್ತಿದ್ದ. ಎಲ್ಲಿಂದ ಬಂದಿದ್ದಾನೆ ಎಂದು ನಾವು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ತೊಂಬತ್ತರ ದಶಕ ಇನ್ನೂ ಅರ್ಧ ಆಗಿರಲಿಲ್ಲ. ಅಪ್ಪ ಅದಕ್ಕೂ ಮುಂಚೆ ಒಂದು ಅವಧಿ ಪಂಚಾಯ್ತಿ ಮೆಂಬರ್ ಆಗಿದ್ದವನು. ಆ ಅವಧಿಯಲ್ಲಿ ಅವನು ಮಾಡಿದ ಕೆಲಸ ಅಂದರೆ ನಮ್ಮ ಓಣಿಯ ತುದಿಗೆ ಒಂದು ನಳ ಹಾಕಿಸಿದ್ದು. ನಳದ ಸುತ್ತ ಚೆಂದದ ಕಟ್ಟೆ, ಕಟ್ಟೆಗೆ ಸುಣ್ಣ. ನೀರು ಮೊದಲ ವಾರ ಬಂತು. ಆಮೇಲೆ ಅದರ ಮೇಲೆ ಕಾಗೆ ಕೂರತೊಡಗಿದವು. ಅಪ್ಪ ಮಾತ್ರ ಊರಿಗೆ ಬಂದ ಬೀಗರನ್ನೆಲ್ಲ ಕರೆದುಕೊಂಡು ಹೋಗಿ ಆ ನಳ ತೋರಿಸುತ್ತಿದ್ದ, ತಿರುವಿ ತೋರಿಸುತ್ತಿರಲಿಲ್ಲ.

ಹೊಸ ಚುನಾವಣೆ ಬಂದಾಗ ನಮ್ಮ ಓಣಿಯ ಸೀಟು ಹೆಂಗಸರಿಗೆ ಮೀಸಲು ಎಂದು ಗೊತ್ತಾಯಿತು. ಅಪ್ಪ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ತಲೆಯ ಮೇಲೆ ಕೈಹೊತ್ತು ಪಡಸಾಲೆಯಲ್ಲಿ ಕೂತ. ಮೊದಲ ಕಪ್ಪಿನ ಚಹಾ ಮುಟ್ಟಲಿಲ್ಲ. ಎರಡನೆಯದನ್ನು ಕುಡಿಯುವಾಗ ಅವನ ಕಣ್ಣು ಅಡುಗೆಮನೆಯ ಕಡೆ ಹೊರಳಿತು. ಹದಿನೇಳು ವರ್ಷದ ಸಂಸಾರದಲ್ಲಿ ಅವನಿಗೆ ಆವತ್ತು ಮೊದಲ ಸಲ ಹೊಳೆದದ್ದು, ತನ್ನ ಹೆಂಡತಿ ಹೆಂಗಸು ಎಂದು.

ಅವ್ವ ಆಗದು ಎಂದಳು. ಮಾತಾಡಲು ಬರುವುದಿಲ್ಲ, ಸಭೆಯಲ್ಲಿ ಕೂತರೆ ಕೈಕಾಲು ನಡುಗುತ್ತವೆ, ಓಣಿಯ ಗಂಡಸರ ಮುಂದೆ ತಲೆ ಎತ್ತುವುದು ಹ್ಯಾಗೆ ಎಂದಳು. ಅಪ್ಪ ಸಮಾಧಾನ ಹೇಳಿದ.

"ನಿನಗೇನೂ ಬರಬೇಕಾಗಿಲ್ಲ. ನಿಲ್ಲೂದು ನಿಂದು, ಕೂಡೂದು ನಂದು."

ಕರಪತ್ರ ಹಾಕಿಸಲು ಅವ್ವನ ಫೋಟೋ ಬೇಕಿತ್ತು. ಅವ್ವನದು ಒಂದೇ ಫೋಟೋ ಇದ್ದದ್ದು, ಮದುವೆಯದು. ಕಲ್ಯಾಣದ ಪ್ರಿಂಟಿಂಗ್ ಪ್ರೆಸ್ಸಿನವರು ಅದರಿಂದ ಅವ್ವನ ಮುಖ ಕತ್ತರಿಸಿಕೊಂಡು ಅಚ್ಚು ಹಾಕಿದರು. ಕರಪತ್ರ ಬಂದಾಗ ನೋಡಿದರೆ ಬಾಸಿಂಗ ಕಟ್ಟಿಕೊಂಡ ಹುಡುಗಿಯೊಬ್ಬಳು ಕಣ್ಣು ಕೆಳಗೆ ಹಾಕಿ ಮತ ಕೇಳುತ್ತಿದ್ದಾಳೆ, ಪಕ್ಕದಲ್ಲಿ ಅಪ್ಪನ ಒಂದು ಭುಜ ಉಳಿದುಕೊಂಡಿದೆ. ನಮ್ಮಲ್ಲಿ ಮಹಿಳಾ ಮೀಸಲಾತಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಆ ಭುಜದ ಕಥೆ ಹೇಳುತ್ತೇನೆ.

ಇನ್ನು ಅತ್ತೆ. ಅವಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಗಂಡ ಕೆಲವು ವರ್ಷ ಚೆನ್ನಾಗಿಯೇ ಇದ್ದು, ಒಂದು ದಿನ ಇನ್ನೊಬ್ಬಳನ್ನು ಮನೆಗೆ ಕರೆತಂದು, ಇಬ್ಬರೂ ಅಕ್ಕತಂಗಿಯರ ಹಾಗೆ ಇರ್ರಿ ಎಂದನಂತೆ. ಅತ್ತೆ, ತನಗೆ ಊರಲ್ಲಿ ತಮ್ಮ ಇದ್ದಾನೆ, ತಂಗಿಯ ಅಗತ್ಯ ಇಲ್ಲ ಎಂದು ಹೇಳಿ, ಹೊಲಿಗೆ ಯಂತ್ರವನ್ನು ಬಸ್ಸಿನ ಟಾಪಿಗೆ ಏರಿಸಿಕೊಂಡು ತವರಿಗೆ ಬಂದುಬಿಟ್ಟಳು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ಓಣಿಯ ಎಲ್ಲ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದವಳು ಅವಳೇ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರವರ ಗಂಡಂದಿರಿಗಿಂತ ಮೊದಲು ಅತ್ತೆಗೆ ತಿಳಿಯುತ್ತಿತ್ತು.

ಆದರೆ ನಮ್ಮ ಕಡೆ ಒಂದು ರೂಢಿ ಇದೆ. ತವರಿಗೆ ಬಂದ ಮಗಳನ್ನು ಕಂಡರೆ ಊರಿನ ಹೆಂಗಸರು ಎರಡು ಪ್ರಶ್ನೆ ಕೇಳಲೇಬೇಕು: ಯಾವಾಗ ಬಂದಿ, ಯಾವಾಗ ಹೋಗ್ತಿ. ಇದರಲ್ಲಿ ಕೆಟ್ಟ ಮನಸ್ಸಿಲ್ಲ, ಪ್ರೀತಿಯೇ. ನೀರು ಕುಡಿದೆಯಾ ಎಂದು ಕೇಳಿದ ಹಾಗೆ. ಅತ್ತೆ ಬಂದು ವರ್ಷಗಳೇ ಉರುಳಿದರೂ ಈ ಪ್ರಶ್ನೆ ನಿಲ್ಲಲಿಲ್ಲ. ಕುಪ್ಪಸದ ಅಳತೆ ಕೊಡಲು ಕೈ ಎತ್ತಿ ನಿಂತವರು ಎತ್ತಿದ ಕೈಯಲ್ಲೇ ಕೇಳುತ್ತಿದ್ದರು. ಎದುರುಮನೆಯ ಆಯಿಯಂತೂ, ಅಂದರೆ ಓಣಿಗೆಲ್ಲ ಹಿರಿಯಳಾದ ಮುದುಕಿ, ತನ್ನ ಕಟ್ಟೆಯ ಮೇಲೆ ಕೂತು ದಿನಾ ಕೇಳುತ್ತಿದ್ದಳು. ಅತ್ತೆ ಒಂದೊಂದು ದಿನ ಒಂದೊಂದು ಉತ್ತರ ಕೊಡುವಳು. ನಿನ್ನೆ ಬಂದೆ ಅನ್ನುವಳು, ಪಂಚಮಿ ಮುಗಿಸಿಕೊಂಡು ಹೋಗುತ್ತೇನೆ ಅನ್ನುವಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಅವ್ವನ ಕರಪತ್ರ ಬಂದ ದಿನ ಪಡಸಾಲೆಯಲ್ಲಿ ಅಪ್ಪನ ಗೆಳೆಯರು ಕೂತಿದ್ದರು. ಅತ್ತೆ ಚಹಾ ತಂದಿಟ್ಟು, ಆ ನಳಕ್ಕೆ ನೀರು ಬರುವ ಹಾಗೆ ಮಾಡಿ ಆಮೇಲೆ ಮತ ಕೇಳಬಾರದೇ ಎಂದಳು. ಗೆಳೆಯರ ಎದುರು ಅಪ್ಪನಿಗೆ ಮೈ ಉರಿಯಿತು.

"ನೀ ಮನಿಗಿ ಬಂದಾಕಿ. ಊರ ಉಸಾಬರಿ ನಿನಗ್ಯಾಕ ಅಕ್ಕಾ?" ಎಂದ.

ಅತ್ತೆ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಹಬ್ಬದ ಸೀರೆ ಉಟ್ಟು, ಹೊಲಿಸಿಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ ತನ್ನದೇ ಒಂದು ಅರ್ಜಿ ಹಾಕಿ ಬಂದಳು. ಅಪ್ಪನಿಗೆ ಸುದ್ದಿ ಚಹಾದಂಗಡಿಯಲ್ಲಿ ಸಿಕ್ಕಿತು. ಅವನು ಮನೆಗೆ ಬಂದು ಕಿರುಚಾಡಿದ್ದೆಲ್ಲ ಇಲ್ಲಿ ಬೇಡ. ಅತ್ತೆ ಯಂತ್ರದ ಚಕ್ರ ನಿಲ್ಲಿಸಿ ಒಂದೇ ಮಾತು ಹೇಳಿದಳು.

"ನಾ ಈ ಊರಾಕಿ ಹೌದೋ ಅಲ್ಲೋ, ಓಣಿ ಮಂದಿನೇ ಫೈಸಲಾ ಮಾಡ್ಲಿ."

ಚಿಹ್ನೆ ಹಂಚಿದಾಗ ಅವ್ವನಿಗೆ ವಿಮಾನ ಸಿಕ್ಕಿತು, ಅತ್ತೆಗೆ ಬಾಚಣಿಕೆ. ಅವ್ವ ಅದುವರೆಗೆ ರೈಲೂ ಹತ್ತಿದವಳಲ್ಲ. ಆದರೆ ಬೀದರ ಕಡೆಯಿಂದ ತರಬೇತಿಯ ವಿಮಾನಗಳು ಆಗಾಗ ನಮ್ಮೂರ ಮೇಲೆ ಗುಂಯ್ ಎಂದು ಹಾರುತ್ತಿದ್ದವು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುವರು, ಅಗೋ ಮೆಂಬರವ್ವ ಹೊಂಟಳು ಎನ್ನುವರು. ಸರ್ಕಾರವೇ ಪೆಟ್ರೋಲು ಸುಟ್ಟು ನಿಮ್ಮ ಪ್ರಚಾರ ಮಾಡುತ್ತಿದೆ, ನನ್ನ ಬಾಚಣಿಕೆಗೆ ಯಾರಿದ್ದಾರೆ ಎಂದು ಅತ್ತೆ ಅವ್ವನನ್ನು ಕಾಡಿಸುತ್ತಿದ್ದಳು. ಅವ್ವ ಮುಸಿಮುಸಿ ನಗುತ್ತಿದ್ದಳು. ಅಪ್ಪನಿಗೆ ಈ ನಗು ಸೇರುತ್ತಿರಲಿಲ್ಲ. ವಿರೋಧಿಗಳು ಹೀಗೆ ಇರಬಾರದು ಎಂದು ಅವನ ವಾದ.

ಪ್ರಚಾರದ ಗೋಳೇ ಬೇರೆ. ಒಳ್ಳೆಯ ಮನೆಯ ಹೆಂಗಸು ಒಬ್ಬಳೇ ಮನೆಮನೆ ತಿರುಗುವುದು ನಮ್ಮಲ್ಲಿ ಇಲ್ಲ, ಜೊತೆಗೆ ಒಬ್ಬರಿರಬೇಕು. ಅವ್ವನಿಗೆ ಎಲ್ಲಿಗೆ ಹೋಗುವುದಿದ್ದರೂ ಅತ್ತೆಯೇ ಜೊತೆ. ಅತ್ತೆಗೆ ಅವ್ವ. ಹೀಗಾಗಿ ಇಬ್ಬರೂ ಜೊತೆಯಾಗಿಯೇ ಹೊರಟು ಒಬ್ಬರ ವಿರುದ್ಧ ಒಬ್ಬರು ಮತ ಕೇಳತೊಡಗಿದರು. ಮಾತಾಡುವವಳು ಅತ್ತೆ ಮಾತ್ರ. ತನ್ನದು ಹೇಳಿ ಮುಗಿಸಿ, ಇವಳದು ವಿಮಾನ, ನಾಚಿಕೊಳ್ಳುತ್ತಾಳೆ ಎಂದು ಅವ್ವನದನ್ನೂ ತಾನೇ ಹೇಳುತ್ತಿದ್ದಳು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಎರಡೂ ಪಾರ್ಟಿಯ ಕರಪತ್ರ ಹಂಚುವವಳು ನಾನೇ. ಯಾವುದು ಯಾರಿಗೆ ಕೊಟ್ಟೆ ಎಂಬ ಲೆಕ್ಕ ಇಟ್ಟವಳಲ್ಲ.

ಈಗ ಬರುತ್ತದೆ ನಮ್ಮ ದೊಡ್ಡ ತಪ್ಪು. ಹೋದ ಹೋದ ಮನೆಯಲ್ಲಿ ಹೆಂಗಸರು ಅವ್ವನ ಹಣೆಗೆ ಕುಂಕುಮ ಹಚ್ಚಿ ಕಳಿಸುವರು. ಅತ್ತೆಯನ್ನು ಮಾತ್ರ ಮಣೆಯ ಮೇಲೆ ಕೂರಿಸಿ ಉಡಿ ತುಂಬುವರು. ಸೆರಗು ಹರವಿಸಿ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಒಂದು ಖಣ. ಊರ ಮಗಳು ಮನೆ ಬಾಗಿಲಿಗೆ ಬಂದಿದ್ದಾಳೆ, ಬರಿ ಸೆರಗಿನಲ್ಲಿ ಕಳಿಸುವುದುಂಟೇ? ಕೆಲವರು ಕಣ್ಣೀರನ್ನೂ ಹಾಕಿದರು. ಅತ್ತೆಯ ಬೆನ್ನ ಮೇಲೆ ಕೈಯಾಡಿಸಿ, ನಿನ್ನ ಬಿಟ್ಟು ಇನ್ಯಾರಿಗೆ ತಾಯಿ ಎಂದರು. ಸಂಜೆ ಹೊತ್ತಿಗೆ ಅತ್ತೆ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸುರಿಯ ಹಾಗೆ ಹಿಂದಕ್ಕೆ ವಾಲಿಕೊಂಡು ಮನೆಗೆ ಬರುವಳು. ಹಿಂದೆ ಅವ್ವ ಬರಿಗೈಯಲ್ಲಿ.

ಉಡಿ ತುಂಬಿದ ಮನೆ ವೋಟು ಹಾಕದೇ ಇರುತ್ತದೆಯೇ? ಅತ್ತೆ ಹಾಗೆ ತಿಳಿದಳು, ನಾನೂ ತಿಳಿದೆ. ಅಪ್ಪನಂಥ ಹಳೇ ಹುಲಿಯೂ ಹಾಗೇ ತಿಳಿದು ಬೆವತ. ಪರೇಶಾನಾಗಿ ಅಡುಗೆಮನೆಯಲ್ಲಿ ಬೆಳೆಯುತ್ತಿದ್ದ ಕೊಬ್ಬರಿಯ ರಾಶಿಯನ್ನು ದಿನಾ ಇಣುಕಿ ನೋಡಿ ಹೋಗುವನು. ಜೋಳದ ರೊಟ್ಟಿಯ ಮನೆಯಲ್ಲಿ ಹೊತ್ತು ಹೊತ್ತಿಗೂ ಅನ್ನ ಬೇಯತೊಡಗಿತು. ಆ ಅಕ್ಕಿಯ ಹುಗ್ಗಿ ತಿನ್ನುವಾಗ, ತನ್ನ ಹೆಂಡತಿಯ ಸೋಲನ್ನು ತಾನೇ ಉಣ್ಣುತ್ತಿದ್ದೇನೆ ಎಂಬ ಮುಖ ಮಾಡಿಕೊಂಡು ಅಪ್ಪ ಎರಡನೇ ಸಲವೂ ಬಡಿಸಿಕೊಳ್ಳುತ್ತಿದ್ದ. ಅತ್ತೆ ಬಂದ ಖಣಗಳನ್ನೆಲ್ಲ ಮಡಚಿಟ್ಟು, ಗೆದ್ದ ಮೇಲೆ ಕುಪ್ಪಸ ಹೊಲಿದು ಅವರವರ ಮನೆಗೇ ಕೊಡುತ್ತೇನೆ ಎಂದಳು. ಅವಳನ್ನು ಅಷ್ಟು ಹುರುಪಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಯಂತ್ರ ತುಳಿಯುತ್ತ ಹಾಡು ಹೇಳಿಕೊಳ್ಳುತ್ತಿದ್ದಳು.

ಎಣಿಕೆ ಕಲ್ಯಾಣದಲ್ಲಿ. ಅಪ್ಪ ಅಲ್ಲಿಂದ ತಲೆ ತುಂಬ ಗುಲಾಲು ಹಾಕಿಕೊಂಡು, ಟ್ರ್ಯಾಕ್ಟರ್ ಮೇಲೆ ನಿಂತು ಬಂದ. ಗೆದ್ದವಳು ಅವ್ವ. ಗೆದ್ದವಳು ಆ ಹೊತ್ತಿಗೆ ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ಅತ್ತೆಗೆ ಬಿದ್ದ ವೋಟು ನಮ್ಮ ಅಡುಗೆಮನೆಯಲ್ಲಿದ್ದ ಕೊಬ್ಬರಿ ಬಟ್ಟಲಿಗಿಂತ ಕಡಿಮೆ.

ಅತ್ತೆ ಅಳಲಿಲ್ಲ. ಸೀದಾ ಎದುರುಮನೆಯ ಕಟ್ಟೆಗೆ ಹೋಗಿ ಆಯಿಯ ಮುಂದೆ ನಿಂತಳು, ಹಿಂದೆ ನಾನು. ಎಲ್ಲರೂ ಉಡಿ ತುಂಬಿದಿರಿ, ವೋಟು ಯಾಕೆ ಹಾಕಲಿಲ್ಲ ಎಂದು ಕೇಳಿದಳು. ಆಯಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಅವಳು ಅತ್ತೆಯ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಎಳೆ ಹುಡುಗಿಗೆ ಹೇಳುವ ಹಾಗೆ ಹೇಳಿದಳು.

"ಮಗಳಿಗಿ ಉಡಿ, ಸೊಸಿಗಿ ವೋಟು. ನಿನ್ನ ಪಾಲಿಂದು ನಿನಗ ಕೊಟ್ಟೇವಲ್ಲ ಯವ್ವಾ. ಉಡಿ ತುಂಬಿಸ್ಕೊಂಡಾಕಿ ಇಂದಿಲ್ಲ ನಾಳಿ ಹೋಗಾಕಿ. ಇಲ್ಲಿ ಇರಾಕಿ ಆಕಿ."

ಹೇಳುವಾಗ ಆಯಿಯ ಕಣ್ಣಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ನನಗೆ ಅವಳನ್ನು ಕಟ್ಟೆಯಿಂದ ಕೆಳಗೆ ನೂಕಬೇಕು ಅನ್ನಿಸಿತು. ಇಡೀ ಓಣಿ ಅತ್ತೆಯನ್ನು ಪ್ರೀತಿಯಿಂದ ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಹೋಗಿ ಬಾ ಎಂದಿತ್ತು. ನಾವು ಮೂರ್ಖರು ಅದನ್ನು ವೋಟು ಎಂದು ಮನೆಯಲ್ಲಿ ರಾಶಿ ಹಾಕಿಕೊಂಡಿದ್ದೆವು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅನ್ನ ಮುಟ್ಟಲಿಲ್ಲ. ಅವ್ವ ಅವಳಿಗೆ ಬೇರೆ ರೊಟ್ಟಿ ಬಡಿದು ತಂದಳು. ಆಮೇಲೆ ಗುಲಾಲು ಇನ್ನೂ ತೊಳೆಯದಿದ್ದ ಅಪ್ಪನಿಗೆ ಕೇಳುವ ಹಾಗೆ ಹೇಳಿದಳು.

"ನಾ ಬಾಚಣಿಕಿಗೇ ಹಾಕಿದ್ನಿರಿ ಅಕ್ಕೋರ."

ಅಪ್ಪ ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದ. ಮನೆಯ ವೋಟೇ ಮನೆಗೆ ಬಿದ್ದಿಲ್ಲ ಎಂಬ ಸಂಕಟಕ್ಕೆ ಅವನು ಎರಡು ದಿನ ಅವ್ವನ ಜೊತೆ ಮಾತು ಬಿಟ್ಟ. ಮೂರನೆಯ ದಿನ ಪಂಚಾಯ್ತಿಯ ಮೊದಲ ಸಭೆ ಇತ್ತು, ಅವ್ವನ ಸಹಿ ಬೇಕಿತ್ತು, ಮಾತಾಡಿದ.

ಆ ಅವಧಿ ಪೂರ್ತಿ ಖುರ್ಚಿಯ ಮೇಲೆ ಕೂತವನು ಅಪ್ಪನೇ. ಅವ್ವ ಒಂದೇ ಸಲ ಹೋಗಿದ್ದಳು. ಅಲ್ಲಿ ಎಲ್ಲ ಹೆಣ್ಣು ಮೆಂಬರುಗಳ ಗಂಡಂದಿರು ಸಾಲಾಗಿ ಕೂತಿದ್ದರಂತೆ, ಅವಳನ್ನು ನೋಡಿ ಎಲ್ಲರೂ ಗಾಬರಿಯಾಗಿ ಎದ್ದು ನಿಂತರಂತೆ. ಅವ್ವ ಆ ಮರ್ಯಾದೆ ನೋಡಿ ಹೆದರಿ ಮನೆಗೆ ಬಂದಳು. ನಳದ ಮೇಲೆ ಕಾಗೆಗಳ ಎರಡನೇ ತಲೆಮಾರು ಕೂರತೊಡಗಿತ್ತು. ಆಯಿ ಕಟ್ಟೆಯಿಂದ ಕೇಳುವುದನ್ನು ಬಿಟ್ಟಿರಲಿಲ್ಲ, ಯಾವಾಗ ಬಂದಿ, ಯಾವಾಗ ಹೋಗ್ತಿ. ಅತ್ತೆ ಈಗ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಳು. ಆ ತಲೆ ತಗ್ಗಿಸುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮುಂದಿನ ಚುನಾವಣೆ ಎರಡು ಸಾವಿರದ ಹೊತ್ತಿಗೆ ಬಂತು. ಸೀಟು ಮತ್ತೆ ಹೆಂಗಸರದೇ. ಅಪ್ಪ ಹಳೇ ಕರಪತ್ರ ಹುಡುಕತೊಡಗಿದಾಗ ಅವ್ವ, ತಾನು ನಿಲ್ಲುವುದೂ ಇಲ್ಲ, ನೀವು ಕೂರುವುದೂ ಇಲ್ಲ ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದೇ ಒಂದು ಸುದ್ದಿ. ಅಪ್ಪ ಸಿಟ್ಟಿನಿಂದ ಓಣಿಯ ಇನ್ನೊಂದು ಮನೆಯ ಸೊಸೆಯನ್ನು ನಿಲ್ಲಿಸಿದ. ಅತ್ತೆ ಯಾರನ್ನೂ ಕೇಳದೆ ಹೋಗಿ ಅರ್ಜಿ ಹಾಕಿದಳು. ನನಗೆ ಆಗ ಕಲ್ಯಾಣದಲ್ಲಿ ಗಂಡು ಗೊತ್ತಾಗಿತ್ತು, ಮದುವೆ ಚುನಾವಣೆ ಮುಗಿದ ಮೇಲೆ ಎಂದಾಗಿತ್ತು. ಇನ್ನು ಕೆಲವೇ ದಿನಗಳಲ್ಲಿ ನಾನೂ ಈ ಊರಲ್ಲಿ ಆ ಎರಡು ಪ್ರಶ್ನೆಗೆ ಉತ್ತರ ಕೊಡಬೇಕಾದವಳು.

ಪ್ರಚಾರದ ಮೊದಲ ಮನೆ ಆಯಿಯದೇ. ಅತ್ತೆ, ಅವ್ವ, ನಾನು ಮೂವರೂ ಹೋದೆವು. ಆಯಿ ಆಗಲೇ ಮಣೆ ಹಾಕಿಸಿ, ಅಕ್ಕಿ ತುಂಬಿದ ಮೊರ ಇಟ್ಟುಕೊಂಡು ಕೂತಿದ್ದಳು. ಅತ್ತೆ ಮಣೆಯ ಮೇಲೆ ಕೂರಲಿಲ್ಲ. ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿಕೊಂಡಳು, ಹೊಲದ ಕೆಲಸಕ್ಕೆ ಇಳಿಯುವವರ ಹಾಗೆ.

"ಉಡಿ ಬ್ಯಾಡ ಆಯಿ. ನಾ ಎಲ್ಲಿಗೂ ಹೊಂಟಿಲ್ಲ."

ನಮ್ಮ ಕಡೆ ಉಡಿ ಬೇಡ ಎನ್ನುವುದು ಸಣ್ಣ ಮಾತಲ್ಲ. ಶತ್ರುವಿನ ಮನೆಯಲ್ಲೂ ಬೇಡ ಎನ್ನುವುದಿಲ್ಲ. ಆಯಿಯ ಸೊಸೆಯಂದಿರು ಕೆನ್ನೆ ಕೆನ್ನೆ ಬಡಿದುಕೊಂಡರು. ಆಯಿ ಬೊಗಸೆಯಲ್ಲಿ ಅಕ್ಕಿ ಹಿಡಿದುಕೊಂಡು ಹಾಗೇ ಕೂತಳು. ಎಲ್ಲಿ ಹಾಕಬೇಕೆಂದು ತಿಳಿಯದೆ ಕಡೆಗೆ ಮೊರಕ್ಕೇ ಸುರುವಿದಳು. ಅತ್ತೆ ಮಾತ್ರ ನಿಂತಲ್ಲೇ ನಿಂತು, ಚಿಹ್ನೆ ಹೇಳಿ, ನಳದ ಮಾತು ಹೇಳಿ, ಮುಂದಿನ ಮನೆಗೆ ನಡೆದಳು. ಅಲ್ಲೂ ಅದೇ. ಮೂರನೆಯ ಮನೆ ಮುಟ್ಟುವ ಮೊದಲೇ ಸುದ್ದಿ ನಮಗಿಂತ ಮುಂದೆ ಓಡಿತ್ತು. ಬಾಗಿಲಿಗೆ ಬಂದ ಹೆಂಗಸರ ಕಣ್ಣು ಮೊದಲು ಅತ್ತೆಯ ಮುಖಕ್ಕಲ್ಲ, ಸೊಂಟಕ್ಕೆ ಸಿಕ್ಕಿಸಿದ ಸೆರಗಿಗೆ ಹೋಗುತ್ತಿತ್ತು. ಅಪ್ಪ ಚಹಾದಂಗಡಿಯಲ್ಲಿ ಕೂತು, ಊರಿನ ಅಕ್ಕಿಗೆ ಅವಮಾನ ಮಾಡಿದವಳಿಗೆ ಊರು ಬುದ್ಧಿ ಕಲಿಸುತ್ತದೆ ಎಂದು ಭಾಷಣ ಮಾಡಿದನಂತೆ. ಹುಗ್ಗಿ ತಪ್ಪಿದ ಸಿಟ್ಟೂ ಅದರಲ್ಲಿ ಇತ್ತು ಎಂದು ನನ್ನ ಅನುಮಾನ.

ಎಣಿಕೆಗೆ ಅಪ್ಪ ಹೋದ, ಬೇರೆಯವರ ಸೊಸೆಯ ಪರವಾಗಿ. ಅತ್ತೆ ಒಬ್ಬಳೇ ಬಸ್ಸು ಹತ್ತಿ ಹೋದಳು, ಜೊತೆಗೆ ಯಾರೂ ಬೇಡ ಎಂದಳು. ಮಧ್ಯಾಹ್ನ ದಾಟಿದ ಮೇಲೆ ಅಪ್ಪ ಮೊದಲು ಬಂದ. ತಲೆಯಲ್ಲಿ ಗುಲಾಲು ಇರಲಿಲ್ಲ. ಅವ್ವ ಅವನ ಮುಖ ನೋಡಿ ಒಳಗೆ ಹೋಗಿ ಬೆಲ್ಲದ ಡಬ್ಬಿ ಇಳಿಸಿದಳು. ಕೂದಲೆಳೆಯಲ್ಲಿ ಗೆದ್ದಿದ್ದಾಳೆ ಎಂದು ಅಪ್ಪ ಗೋಡೆಗೆ ಹೇಳಿದ.

ಸಂಜೆಯ ಬಸ್ಸಿಗೆ ಅತ್ತೆ ಬಂದಳು. ಗುಲಾಲು ಹಣೆಯ ಮೇಲೆ, ಹುಬ್ಬಿನ ಮೇಲೆ, ಕೈಯಲ್ಲಿ ಹಳೇ ವಾಯರ್ ಬ್ಯಾಗು. ನಾನು ಬಾಗಿಲಲ್ಲೇ ನಿಂತಿದ್ದೆ. ಎದುರು ಕಟ್ಟೆಯ ಮೇಲೆ ಆಯಿ ಕೂತಿದ್ದಳು. ಅವಳಿಗೆ ಕಣ್ಣು ಮಂಜಾಗಿತ್ತು, ಹೆಜ್ಜೆ ಸಪ್ಪಳದಿಂದ ಆಳು ಗುರುತಿಸುತ್ತಿದ್ದಳು.

"ಯಾವಾಗ ಬಂದಿ?" ಎಂದಳು.

ಅತ್ತೆ ನಿಂತಳು. "ಈಗ ಬಂದೆ ಆಯಿ."

ನಾನು ಎರಡನೆಯ ಪ್ರಶ್ನೆಗೆ ಕಾದೆ. ಅದು ಬರಬಾರದು ಎಂದು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಯಿ ಬಾಯಿಯಲ್ಲಿದ್ದ ಎಲೆಯಡಿಕೆ ಉಗುಳಿ, ತುಟಿ ಒರೆಸಿಕೊಂಡು, ಮೆಂಬರನ್ನು ಬೈಯುವ ಧ್ವನಿಯಲ್ಲಿ ಹೇಳಿದಳು.

"ನಳಕ್ಕ ನೀರ ಇಲ್ಲ. ಜರಾ ನೋಡು."

ಅತ್ತೆ ಬ್ಯಾಗನ್ನು ಆಯಿಯ ಕಟ್ಟೆಯ ಮೇಲೆಯೇ ಇಟ್ಟಳು. ಮನೆಯೊಳಗೆ ಬರಲಿಲ್ಲ, ಮುಖ ತೊಳೆಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಳದ ಕಡೆ ನಡೆದಳು.